‘ಗುಲಾಮ’ ಪದಕ್ಕೆ ಸ್ತ್ರೀಲಿಂಗ ಯಾವುದು?

ಬಲ್ಲವರಿಗೆ ನಮಸ್ಕಾರ.

ಬ್ರೆಜಿಲಿನ ಮರಿಯಾ ಫಿರ್ಮಿನಾ ದೋಸ್ ರೇಯ್ಸ್ ಅವರ ‘ಆ ಎಸ್ಕ್ರಾವಾ’ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಾರನ್ಯಾಂವ್ ಪ್ರಾಂತದ ಈ ಶಾಲಾ ಶಿಕ್ಷಕಿ 1859ರಲ್ಲೇ ‘ಉರ್ಸುಲಾ’ ಕಾದಂಬರಿ ಪ್ರಕಟಿಸಿದವರು. ಪುಸ್ತಕದ ಮೇಲೆ ಅವರ ಹೆಸರಿರಲಿಲ್ಲ, ‘ಮಾರನ್ಯಾಂವಿನವಳೊಬ್ಬಳು’ ಎಂದಷ್ಟೇ ಇತ್ತು. ಆಫ್ರಿಕದಲ್ಲಿ ತನ್ನನ್ನು ಹಿಡಿದು ಹಡಗಿಗೆ ತುಂಬಿದ್ದನ್ನು ಸುಸಾನಾ ಎಂಬ ಮುದುಕಿ ಅದರಲ್ಲಿ ತನ್ನ ಬಾಯಿಂದಲೇ ಹೇಳುತ್ತಾಳೆ. ಈ ಕಥೆ ಬಂದದ್ದು 1887ರಲ್ಲಿ. ಮರುವರ್ಷ ಮೇ 13ರಂದು ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾಯಿತು.

ನನ್ನ ತೊಡಕು ತಲೆಬರಹದಲ್ಲೇ ಇದೆ. ಪೋರ್ಚುಗೀಸಿನಲ್ಲಿ ಎಸ್ಕ್ರಾವಾ ಎಂದರೆ ಒಡೆಯನ ಸ್ವತ್ತಾಗಿರುವ, ಕೊಂಡು ಮಾರಬಹುದಾದ ಹೆಂಗಸು. ‘ದಾಸಿ’ ಎಂದರೆ ನಮ್ಮ ಓದುಗರಿಗೆ ಮಂಥರೆಯೋ ಅರಮನೆಯಲ್ಲಿ ಚಾಮರ ಬೀಸುವವಳೋ ಕಾಣುತ್ತಾಳೆ. ಜೊತೆಗೆ ಭಕ್ತಿಯ ಛಾಯೆಯೂ ಇದೆ. ಪುರಂದರದಾಸರು ‘ಗುರುವಿನ ಗುಲಾಮನಾಗುವ ತನಕ’ ಎಂದು ಹಾಡಿದ್ದರೂ ‘ಗುಲಾಮ’ದ ಗಡಸುತನ ಇನ್ನೂ ಉಳಿದಿದೆ. ಆದರೆ ‘ಗುಲಾಮಳು’ ನನ್ನ ಕಿವಿಗೆ ಒಗ್ಗುತ್ತಿಲ್ಲ, ‘ಗುಲಾಮ ಹೆಂಗಸು’ ವಿವರಣೆಯಂತಿದೆ.

‘ಜೀತದವಳು’ ಚೆನ್ನಾಗಿದೆ ಎಂದು ಗೆಳೆಯರೊಬ್ಬರು ಸೂಚಿಸಿದರು. ನಾನು ಒಪ್ಪಲಾರೆ. ನಮ್ಮ ದೇಶದಲ್ಲಿ 1976ರ ಕಾಯ್ದೆ ನಿಷೇಧಿಸಿದ ಜೀತದ ಹಿಂದೆ ಸಾಮಾನ್ಯವಾಗಿ ಸುಳ್ಳೋ ನಿಜವೋ ಒಂದು ಸಾಲ ಇರುತ್ತದೆ. ಕಥೆಯ ಜೋವಾನಾ ಯಾರಿಗೂ ಏನೂ ಕೊಡಬೇಕಾಗಿಲ್ಲ. ಅವಳ ಅಪ್ಪ ದುಡಿದು ಕೂಡಿಟ್ಟ ಹಣ ತೆತ್ತು ಮಗಳನ್ನು ಬಿಡಿಸಿಕೊಳ್ಳುತ್ತಾನೆ, ಒಡೆಯ ಒಂದು ಕಾಗದ ಬರೆದು ಕೊಡುತ್ತಾನೆ. ಅಪ್ಪನಿಗೆ ಓದು ಬಾರದು. ಆ ಕಾಗದ ಮೋಸದ್ದು. ಮುಂದೆ ಅವಳ ಇಬ್ಬರು ಪುಟ್ಟ ಗಂಡುಮಕ್ಕಳನ್ನೂ ಮಾರಿಬಿಡುತ್ತಾರೆ, ಅವಳಿಗೆ ಬುದ್ಧಿಭ್ರಮಣೆಯಾಗುತ್ತದೆ. ಇದನ್ನು ಜೀತ ಎಂದರೆ ಆ ಒಡೆಯನ ಪಾಪವನ್ನು ನಾವೇ ಹಗುರ ಮಾಡಿದಂತೆ.

ಇನ್ನು ‘ತೊತ್ತು’. ಹಳೆಯ ಪದ, ಅರ್ಥಕ್ಕೂ ಹತ್ತಿರ. ಆದರೆ ಅದರಲ್ಲಿ ಬೈಗುಳ ಸೇರಿಕೊಂಡಿದೆ. ಅವಳನ್ನು ಅಟ್ಟಿಸಿಕೊಂಡು ಬರುವ ಮೇಸ್ತ್ರಿಯ ಬಾಯಿಗೆ ಅದು ಸರಿ. ಕಥೆ ಹೇಳುವವಳು ಗುಲಾಮಗಿರಿಯನ್ನು ವಿರೋಧಿಸುವ ಹೆಂಗಸು. ಅವಳ ಬಾಯಲ್ಲಿ, ಅದರಲ್ಲೂ ತಲೆಬರಹದಲ್ಲಿ, ಹೇಗೆ ಇಡಲಿ?

ತಿಳಿದವರಲ್ಲಿ ಎರಡು ಪ್ರಶ್ನೆ: ‘ತೊತ್ತು’ ಬೈಗುಳವಲ್ಲದೆ ಬರೀ ಸ್ಥಿತಿಯನ್ನಷ್ಟೇ ಹೇಳುವಂತೆ ನಿಮ್ಮ ಕಡೆ ಎಲ್ಲಾದರೂ ಬಳಕೆಯಲ್ಲಿದೆಯೇ? ಉತ್ತರ ಕರ್ನಾಟಕದ ಅಥವಾ ಕರಾವಳಿಯ ಹಿರಿಯರ ಮಾತಿನಲ್ಲಿ ಬೇರೆ ಪದವಿದ್ದರೂ ತಿಳಿಸಿ. ಹಾಗೆಯೇ ಒಡೆಯ ಬರೆದುಕೊಡುವ ಆ ಕಾಗದಕ್ಕೆ ಸದ್ಯಕ್ಕೆ ‘ಬಿಡುಗಡೆ ಪತ್ರ’ ಎಂದು ಬರೆದಿದ್ದೇನೆ. ಜೈಲಿನಿಂದ ಹೊರಬಂದಂತೆ ಕೇಳಿಸುತ್ತದೆಯೇ?