ಕ್ರಿಸ್‌ಮಸ್ ಪ್ರಸಂಗಕ್ಕೆ ಆದಿ ಬೋಧಕರಿಂದ ಏನು ತೆಗೆದುಕೊಳ್ಳಲಿ?

ಪ್ರಶ್ನೆ: ಡಿಸೆಂಬರ್ 24ರ ರಾತ್ರಿ ನಮ್ಮ ಸಭೆಯ ಯುವಜನರಿಗೆ ಹತ್ತು ನಿಮಿಷ ಮಾತಾಡಬೇಕು. ಪ್ರತಿ ವರ್ಷ ಕುರುಬರು, ನಕ್ಷತ್ರ, ಜೋಯಿಸರು ಅಷ್ಟರಲ್ಲೇ ಮುಗಿಯುತ್ತದೆ. ಮೊದಲ ಶತಮಾನಗಳ ಬೋಧಕರು ಕ್ರಿಸ್ತನ ಹುಟ್ಟಿನ ಅರ್ಥವನ್ನು ಹೇಗೆ ಹೇಳುತ್ತಿದ್ದರು? ಅದನ್ನು ಬಳಸಿ ಮಾತಾಡಿದವರು ಅನುಭವ ಹೇಳಿ.

ಉತ್ತರ 1: ಮೊದಲ ವರ್ಷ ನಾನು, ಬಿಷಪರೆಲ್ಲ ಕೂಡಿ ಕ್ರಿಸ್ತನು ದೇವರೇ ಎಂದು ಸಾರಿದ 325ರ ನೈಸಿಯ ಸಭೆಯಿಂದ ಶುರುಮಾಡಿದೆ. ಯಾರ ಮನಸ್ಸಿಗೂ ಮುಟ್ಟಲಿಲ್ಲ. ಮರುವರ್ಷ ಅಗಸ್ಟೀನನ ಒಂದೇ ಮಾತು ಹಿಡಿದೆ. ಆತ ಉತ್ತರ ಆಫ್ರಿಕಾದ ಹಿಪ್ಪೋದ ಬಿಷಪ್, 430ರಲ್ಲಿ ತೀರಿಕೊಂಡ. ಲ್ಯಾಟಿನ್‌ನಲ್ಲಿ ಕೂಸಿಗೆ 'ಇನ್‌ಫಾನ್ಸ್' ಅನ್ನುತ್ತಾರೆ, ಅಂದರೆ ಮಾತು ಬಾರದ್ದು. ಯೋಹಾನನ ಸುವಾರ್ತೆ ಕ್ರಿಸ್ತನನ್ನು 'ವಾಕ್ಯ' ಎಂದು ಕರೆಯುತ್ತದೆ. ಲೋಕವನ್ನೇ ಉಂಟುಮಾಡಿದ ಆ ವಾಕ್ಯ ಮಾತು ಬಾರದ ಕೂಸಾಗಿ ಮಲಗಿದೆ ಎಂಬುದೇ ಅಗಸ್ಟೀನನ ಬೆರಗು. 'ವಾಕ್ಯ' ಅಂದರೆ ಕನ್ನಡದಲ್ಲೂ ಮಾತೇ ತಾನೆ, ಹಾಗಾಗಿ ಬಿಡಿಸಿ ಹೇಳುವ ಕೆಲಸವೇ ಇರಲಿಲ್ಲ. ಅಂದು ಮುಂದಿನ ಸಾಲಿನಲ್ಲಿ ತಾಯಿಯೊಬ್ಬಳ ಮಡಿಲಲ್ಲಿ ಎರಡು ತಿಂಗಳ ಕೂಸು, ಮುಷ್ಟಿ ಬಿಗಿಹಿಡಿದು ನಿದ್ದೆಮಾಡುತ್ತಿತ್ತು. ಎಲ್ಲರೂ ಅತ್ತ ತಿರುಗಿದರು. ನಾನು ಅರ್ಧ ನಿಮಿಷ ಸುಮ್ಮನೆ ನಿಂತೆ.

ಕೂಸನ್ನು ಮಲಗಿಸಿದ ಗೋದಲಿಯನ್ನೂ ಬಿಡಬೇಡಿ. ಅದು ದನಗಳು ತಿನ್ನುವ ಜಾಗ. ಕರ್ತನ ಹೊರೆ ಹೊರುವ ಪ್ರಾಣಿಯಾಗಲು ನಾಚಬೇಡ ಎನ್ನುತ್ತಾನೆ ಅಗಸ್ಟೀನ. ಹಟ್ಟಿಯಿದ್ದ ಮನೆಯಲ್ಲಿ ಬೆಳೆದವರಿಗೆ ಈ ಮಾತು ನೇರ ಒಳಗಿಳಿಯುತ್ತದೆ.

ಉತ್ತರ 2: ಒಂದು ಎಚ್ಚರಿಕೆ. 'ಅಪೊಸ್ತಲರ ಕಾಲದಿಂದಲೂ ಕ್ರಿಸ್‌ಮಸ್ ಇತ್ತು' ಎಂದು ಹೇಳಿಬಿಡಬೇಡಿ. ಅಪೊಸ್ತಲರ ಕೃತ್ಯಗಳ 2ನೇ ಅಧ್ಯಾಯದಲ್ಲಿ ಪೇತ್ರ ಸಾರುವುದು ಶಿಲುಬೆ ಮತ್ತು ಪುನರುತ್ಥಾನವನ್ನು, ಹುಟ್ಟಿನ ಕಥೆ ಅಲ್ಲಿಲ್ಲ. ಪೌಲನು ಗಲಾತ್ಯದವರಿಗೆ 'ಸ್ತ್ರೀಯಲ್ಲಿ ಹುಟ್ಟಿದವನು' ಎಂದಷ್ಟೇ ಬರೆದ. ಸಿರಿಯಾದ ಅಂತಿಯೋಕ್ಯ ಪಟ್ಟಣದಲ್ಲಿ ಸುಮಾರು 386ರಲ್ಲಿ ಕ್ರಿಸೊಸ್ತೋಮ್ ಎಂಬ ಬೋಧಕ, ಕ್ರಿಸ್ತ ಹುಟ್ಟಿದ ಈ ದಿನ ನಮಗೆ ಗೊತ್ತಾಗಿ ಹತ್ತು ವರ್ಷವೂ ಆಗಿಲ್ಲ ಎಂದು ಜನರ ಮುಂದೆಯೇ ಒಪ್ಪಿಕೊಂಡ. ನಮ್ಮಲ್ಲಿ ಒಬ್ಬ ಹುಡುಗ ತಾರೀಖಿನ ಬಗ್ಗೆ ಕೇಳಿದಾಗ ಇದನ್ನೇ ಹೇಳಿದೆ. ಆಮೇಲೆ ಅವನು ಉಳಿದದ್ದನ್ನೂ ನಂಬಿಕೆಯಿಂದ ಕೇಳಿದ.

ಉತ್ತರ 3: ನಾನು ಪೋಪ್ ಒಂದನೇ ಲಿಯೋ ಅವರ ಪ್ರಸಂಗ ಓದಿದೆ. ಅವರ ಕಾಲ 440ರಿಂದ 461. 'ಕ್ರೈಸ್ತನೇ, ನಿನ್ನ ಘನತೆಯನ್ನು ಅರಿತುಕೋ' ಎಂಬ ಕರೆ ಅವರದು, ಯುವಜನರಿಗೆ ಹೇಳಿಮಾಡಿಸಿದಂತಿದೆ. ಅದೇ ಪ್ರಸಂಗದಲ್ಲಿ, ಇಂದು ದುಃಖಕ್ಕೆ ಜಾಗವಿಲ್ಲ ಎಂಬ ಮಾತೂ ಬರುತ್ತದೆ. ಆ ರಾತ್ರಿ ತಿಂಗಳ ಹಿಂದಷ್ಟೇ ಮಗನನ್ನು ಕಳೆದುಕೊಂಡ ಮನೆಯವರು ಹಿಂದಿನ ಬೆಂಚಿನಲ್ಲಿದ್ದರು. ಓದುವಾಗ ನನಗೆ ಗಂಟಲು ಕಟ್ಟಿತು. ಆದರೆ ಲಿಯೋ ಅಲ್ಲಿಗೇ ನಿಲ್ಲಿಸುವುದಿಲ್ಲ: ಇದು ಜೀವದ ಹುಟ್ಟುಹಬ್ಬ, ಸಾವಿನ ಭಯವನ್ನು ಅಳಿಸುವ ಜೀವದ್ದು ಎನ್ನುತ್ತಾರೆ. ಓದುವುದಾದರೆ ಎರಡನ್ನೂ ಒಂದೇ ಉಸಿರಿಗೆ ಓದಿ. ಮೊದಲರ್ಧಕ್ಕೆ ನಿಲ್ಲಿಸಬೇಡಿ.