ಪಿಎಸ್4 ಆಟಗಳನ್ನು ಪಿಎಸ್5ಗೆ ಒಯ್ಯುವುದು ಹೇಗೆ?

ಪ್ರಶ್ನೆ: ಪಿಎಸ್4ನ (ಸೋನಿಯ ಪ್ಲೇಸ್ಟೇಷನ್ 4 ಗೇಮ್ ಕನ್ಸೋಲ್) 2 ಟಿಬಿ ಎಕ್ಸ್‌ಟರ್ನಲ್ ಡ್ರೈವ್ ತುಂಬ ಆಟಗಳಿವೆ, ಅರ್ಧ ಡಿಸ್ಕ್, ಅರ್ಧ ಡಿಜಿಟಲ್. ಪಿಎಸ್5ಗೆ ಎಲ್ಲವನ್ನೂ ಮತ್ತೆ ಡೌನ್‌ಲೋಡ್ ಮಾಡಬೇಕಾ? ಪಿಎಸ್3 ಕಾಲದಲ್ಲಿ ಹಳೆಯ ಆಟಗಳನ್ನು ಕೈಬಿಟ್ಟ ಹಾಗೆ ಇಲ್ಲೂ ಆಗುತ್ತಾ?

ಉತ್ತರ 1: ಬೇಕಿಲ್ಲ. ಡ್ರೈವನ್ನು ನೇರವಾಗಿ ಪಿಎಸ್5ರ ಹಿಂಬದಿಯ ಯುಎಸ್‌ಬಿ ಪೋರ್ಟ್‌ಗೆ ಹಾಕಿ, ಯುಎಸ್‌ಬಿ ಹಬ್ ಮೂಲಕ ಬೇಡ. ಪಿಎಸ್4 ಆಟಗಳು ಅಲ್ಲಿಂದಲೇ ಓಡುತ್ತವೆ. ಪಿಎಸ್5 ಆಟಗಳನ್ನು ಅದರಲ್ಲಿ ಇಡಬಹುದಷ್ಟೇ, ಆಡಲು ಪಿಎಸ್5 ಒಳಗಿನ ಎಸ್‌ಎಸ್‌ಡಿಗೆ (ವೇಗದ ಸ್ಟೋರೇಜ್) ಸರಿಸಬೇಕು. ಡಿಸ್ಕ್ ಆಟಗಳಿಗೆ ಡಿಸ್ಕ್ ಡ್ರೈವ್ ಬೇಕೇ ಬೇಕು, ಡಿಸ್ಕನ್ನೂ ಪ್ರತಿ ಸಲ ಹಾಕಬೇಕು.

ಉತ್ತರ 2: ಸೇವ್‌ಗಳನ್ನು (ಆಟ ಎಲ್ಲಿಯವರೆಗೆ ಬಂದಿದೆ ಎಂಬ ದಾಖಲೆ) ಮರೆಯಬೇಡಿ, ಅವು ಆ ಡ್ರೈವ್‌ನಲ್ಲಿ ಇರುವುದಿಲ್ಲ. ಎರಡೂ ಕನ್ಸೋಲ್‌ಗಳಲ್ಲಿ ಒಂದೇ ಅಕೌಂಟ್, ಒಂದೇ ನೆಟ್‌ವರ್ಕ್, ಹೊಸ ಅಪ್‌ಡೇಟ್ ಇರಲಿ. ಪಿಎಸ್4ನಲ್ಲಿ ಟ್ರೋಫಿಗಳನ್ನು (ಆಟದಲ್ಲಿ ಗಳಿಸಿದ ಬಹುಮಾನಗಳು) ಅಕೌಂಟ್‌ಗೆ ಸಿಂಕ್ ಮಾಡಿ, ಆಮೇಲೆ ಪಿಎಸ್5ರ ಸೆಟ್ಟಿಂಗ್ಸ್‌ನಿಂದ ಡೇಟಾ ಟ್ರಾನ್ಸ್‌ಫರ್ ಶುರು ಮಾಡಿ. ವೈಫೈಗಿಂತ ಲ್ಯಾನ್ ಕೇಬಲ್ ಎಷ್ಟೋ ವೇಗ. ಆಟದ ಪಿಎಸ್5 ಆವೃತ್ತಿ ಹಳೆಯ ಸೇವನ್ನು ಸಾಮಾನ್ಯವಾಗಿ ತಾನಾಗಿ ಓದುವುದಿಲ್ಲ. ಕೆಲವು ಆಟಗಳಲ್ಲಿ ಪಿಎಸ್4 ಆವೃತ್ತಿಯೊಳಗಿನಿಂದಲೇ ಅಪ್‌ಲೋಡ್ ಮಾಡಬೇಕು.

ಉತ್ತರ 3: ಪಿಎಸ್3 ಕಥೆಯೇ ಬೇರೆ. 2006ರ ಮೊದಲ ಮಾಡೆಲ್‌ಗಳಲ್ಲಿ ಪಿಎಸ್2ರ ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ ಎರಡೂ ಇದ್ದವು. ಖರ್ಚು ಇಳಿಸಲು 2007ರ ಯುರೋಪ್ ಮಾಡೆಲ್‌ನಲ್ಲಿ ಆ ಪಿಎಸ್2 ಪ್ರೊಸೆಸರ್ ತೆಗೆದರು, 40 ಜಿಬಿ ಮಾಡೆಲ್‌ನಲ್ಲಿ ಪಿಎಸ್2 ಬೆಂಬಲವನ್ನೇ ತೆಗೆದರು. ಪಿಎಸ್4, ಪಿಎಸ್5 ಎರಡರಲ್ಲೂ ಒಂದೇ ಬಗೆಯ ಎಎಮ್‌ಡಿ ಎಕ್ಸ್86 ಪ್ರೊಸೆಸರ್. ಪಿಎಸ್4 ಪ್ರೊನಲ್ಲಿದ್ದಂತೆ ಪಿಎಸ್5ರಲ್ಲೂ 36 ಕಂಪ್ಯೂಟ್ ಯೂನಿಟ್‌ಗಳು (ಗ್ರಾಫಿಕ್ಸ್ ಚಿಪ್‌ನ ಘಟಕಗಳು). ಹಾಗಾಗಿ ಬೇರೆ ಚಿಪ್ ಇಲ್ಲದೆ ಬಹುತೇಕ ಎಲ್ಲ ಆಟಗಳೂ ಓಡುತ್ತವೆ.