ಸಂಕ್ರಾಂತಿ ದಾಟದ ಡೈರಿ: ಈ ಸಲ ನಿಲ್ಲಿಸಬಾರದು, ದಾರಿ ಹೇಳಿ

ಪ್ರಶ್ನೆ: ಬೆಣ್ಣೆನಗರಿ ಟೀಚರ್

ಪ್ರತಿ ಜನವರಿ 1ಕ್ಕೆ ಡೈರಿ ಶುರು ಮಾಡ್ತೀನಿ. ಎಳ್ಳು-ಬೆಲ್ಲ ಹಂಚೋ ಹೊತ್ತಿಗೆ ನಿಂತಿರುತ್ತೆ. ಮೊದಲ ದಿನ ಎರಡು ಪುಟ, ನಾಲ್ಕನೇ ದಿನ ಅರ್ಧ ಪುಟ, ಆಮೇಲೆ ‘ಇವತ್ತು ವಿಶೇಷವೇನಿಲ್ಲ’.

ಈ ಸಲ ಕಾರಣ ಬೇರೆ. ಅಮ್ಮನಿಗೆ 71, ಮರೆವು ಶುರುವಾಗಿದೆ. ಮೆಂತ್ಯದ ಹಿಟ್ಟು ಮಾಡೋದನ್ನ ನನಗೆ ಕಲಿಸಿದ್ದೇ ಅವಳು. ಹೋದ ವಾರ ಅದರ ಅಳತೆ ನನ್ನನ್ನೇ ಕೇಳಿದಳು. ಅವಳ ದಿನಗಳನ್ನ, ನನ್ನ ದಿನಗಳನ್ನ ಹಿಡಿದಿಡಬೇಕು ಅನ್ನಿಸ್ತಿದೆ.

ಇನ್ನೊಂದು ತೊಡಕಿದೆ. ಕಾಲೇಜಲ್ಲಿದ್ದಾಗ ಮನೆಯವರೊಬ್ಬರು ನನ್ನ ಡೈರಿ ತೆಗೆದು ಓದಿ, ಊಟದ ಹೊತ್ತಲ್ಲಿ ಎಲ್ಲರೆದುರು ಅದರ ಸಾಲುಗಳನ್ನ ಹೇಳಿದ್ರು. ಅವತ್ತಿಂದ ಪೆನ್ನು ಹಿಡಿದ್ರೆ ಹಿಂದೆ ಯಾರೋ ನಿಂತ ಹಾಗಾಗುತ್ತೆ. ವರ್ಷಗಟ್ಟಲೆ ಬರೆದವರು ಇಲ್ಲಿದ್ರೆ ಹೇಳಿ.

ಉತ್ತರ 1: ಅಡಿಕೆ ತೋಟದವ, ಸಾಗರದ ಕಡೆ

ತಂಗೀ, ನಾನು 1996ರಿಂದ ಬರೀತಾ ಇದ್ದೇನೆ. ಶುರುವಾಗಿದ್ದು ಮನಸ್ಸಿನ ಮಾತು ಬರೆಯೋಕಲ್ಲ, ಕೊಳೆ ರೋಗದ ಹೆದರಿಕೆಗೆ. ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಬೋರ್ಡೋ ಅನ್ನೋ ಮದ್ದು ಹೊಡೀತೇವೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮತ್ತೆ 40–45 ದಿನಕ್ಕೆ ಎರಡನೇ ಮದ್ದು. ಮೊದಲನೇದು ಎಂದು ಹೊಡೆದದ್ದು ಅಂತ ಮರೆತರೆ ಕಾಯಿ ನೆಲಕ್ಕೆ. ಆ ದಿನ ಬರೆದಿಡು ಅಂತ ಅಪ್ಪ ಹೇಳಿದ್ರು, ಬರೆದೆ. ಜೊತೆಗೆ ಮಳೆ ಅಳತೆಯೂ ಸೇರ್ತು. ಅಂಗಳದಲ್ಲಿ ಮಾಪಕ ಇದೆ, ಬೆಳಿಗ್ಗೆ ಎಂಟೂವರೆಗೆ ನೋಡ್ತೇನೆ. ಹವಾಮಾನ ಇಲಾಖೆಯವರು ಅಳೆಯೋದೂ ಅದೇ ಹೊತ್ತಿಗೆ.

ದಿನಕ್ಕೆ ಒಂದೇ ಸಾಲು. ನಕ್ಷತ್ರ, ಮಿಲಿಮೀಟರ್, ಜಾಗ ಉಳಿದ್ರೆ ಮತ್ತೊಂದು ಮಾತು. ‘ಆದರೆ ಆರಿದ್ರಾ, ಇಲ್ಲದಿದ್ರೆ ದರಿದ್ರ’ ಅಂತಾರಲ್ಲ, ಆರಿದ್ರಾ ಮಳೆಯ ಸಾಲುಗಳಲ್ಲಿ ಮಾತ್ರ ನನ್ನ ಅಕ್ಷರ ದೊಡ್ಡದಾಗಿರುತ್ತೆ.

ಆ ‘ಮತ್ತೊಂದು ಮಾತು’ ಇದೆಯಲ್ಲ, ಡೈರಿ ಅಂದ್ರೆ ಅದೇ. ಒಂದು ವರ್ಷದ ಪುಷ್ಯ ಮಳೆಯ ಪುಟ ಹೀಗಿದೆ: ‘62 ಮಿ.ಮೀ. ಗೌರಿ ಕರು ಹಾಕಿತು.’ ‘48. ಅಪ್ಪ ಅರ್ಧ ಊಟಕ್ಕೆ ಎದ್ದರು.’ ‘51. ಅಪ್ಪ ಇವತ್ತೂ.’ ಅಪ್ಪನ ಹೊಟ್ಟೆಯ ಕಾಯಿಲೆ ನಮಗೆ ಗೊತ್ತಾಗಿದ್ದು ದೀಪಾವಳಿ ಹೊತ್ತಿಗೆ. ಪುಸ್ತಕಕ್ಕೆ ಮೂರು ತಿಂಗಳು ಮೊದಲೇ ಗೊತ್ತಿತ್ತು. ಆಗ ನನಗೆ ಏನನ್ನಿಸ್ತು ಅಂತ ಒಂದಕ್ಷರ ಬರೆದಿಲ್ಲ. ಆದ್ರೂ ಆ ಎರಡು ಸಾಲು ಓದಿದಾಗೆಲ್ಲ ತಟ್ಟೆಯಲ್ಲಿ ಉಳಿದ ಅನ್ನ, ಅವರು ಕೈ ತೊಳೆಯೋಕೆ ಎದ್ದು ಹೋದ ಜಗಲಿ, ಎಲ್ಲ ಕಾಣುತ್ತೆ. ಅದಕ್ಕೇ ಹೇಳ್ತೇನೆ, ಭಾವನೆ ಹುಡುಕ್ತಾ ಕೂರಬೇಡಿ. ಕಂಡದ್ದು ಬರೀರಿ.

ತಾರೀಕು ಅಚ್ಚಾಗಿರೋ ಡೈರಿ ಕೊಳ್ಳಬೇಡಿ. ಬಿಟ್ಟುಹೋದ ದಿನ ಖಾಲಿ ಪುಟವಾಗಿ ಎದುರಿಗೆ ನಿಲ್ಲುತ್ತೆ, ನಾಲ್ಕು ಪುಟ ಖಾಲಿಯಾದ್ರೆ ಕೈ ಸೋಲುತ್ತೆ. ಗೆರೆ ಹಾಕಿದ 200 ಪುಟದ ನೋಟುಬುಕ್ಕು ತನ್ನಿ. ದಿನಕ್ಕೊಂದು ಸಾಲಾದ್ರೆ ವರ್ಷ 15 ಪುಟದೊಳಗೆ ಮುಗಿಯುತ್ತೆ. ಬಾಲ್‌ಪೆನ್ನೇ ಇರಲಿ. ನಮ್ಮ ಮಳೆಗಾಲದ ತೇವಕ್ಕೆ ಜೆಲ್ ಪೆನ್ನಿನ ಎರಡು ವರ್ಷ ಮಸಿಯಾಗಿ ಹೋಗಿದೆ, ಈಗಲೂ ಸಂಕಟ ಆಗುತ್ತೆ.

ಉತ್ತರ 2: ಆಪ್ತಸಮಾಲೋಚಕಿ, ಮೈಸೂರು

ಹಿಂದೆ ಯಾರೋ ನಿಂತ ಹಾಗಾಗುತ್ತೆ ಅಂದಿರಲ್ಲ, ಅದರ ಬಗ್ಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್‌ಬೇಕರ್ 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬದುಕಿನ ನೋವಿನ ಸಂಗತಿಯನ್ನ ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆದರು. ಬರೆದ ಕೂಡಲೇ ಮನಸ್ಸು ಭಾರವಾಗಿತ್ತು. ಆದರೆ ನಡೆದದ್ದನ್ನೂ ಆಗ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕ್ಯಾಂಪಸ್ಸಿನ ವೈದ್ಯರ ಬಳಿ ಹೋದದ್ದು ಕಡಿಮೆ.

ಇದಕ್ಕೆ ದಿನವೂ ಬರೆಯಬೇಕಿಲ್ಲ. ಆ ಊಟದ ಹೊತ್ತಿನ ಅವಮಾನವನ್ನ ಬಿಡಿ ಹಾಳೆಯಲ್ಲಿ ಬರೆಯಿರಿ, ಬೇಕಾದರೆ ಹರಿದುಬಿಡಿ. ಅಮ್ಮನ ಪುಸ್ತಕ ಬೇರೆ ಇರಲಿ, ಅದು ಮನೆಯವರೆಲ್ಲ ಓದಬಹುದಾದ್ದು. ಎರಡನ್ನೂ ಒಂದರಲ್ಲೇ ಹಿಡಿಯಲು ಹೋದರೆ ಕೈ ತಡೆಯುತ್ತೆ.

ಉತ್ತರ 3: ಗದಗಿನ ಹುಡುಗ

ಅಕ್ಕಾರ, ಅವ್ವಾರ ಮಾತು ಅವರ ಮಾತಿನ್ಯಾಗ ಬರೀರಿ, ಪುಸ್ತಕದ ಭಾಷಾದಾಗ ತಿದ್ದಬ್ಯಾಡ್ರಿ. ನಮ್ಮ ಅಜ್ಜಿ ಹೇಳಿದ್ದನ್ನೆಲ್ಲಾ ನಾ ಶುದ್ಧ ಮಾಡಿ ಬರ್ದಿಟ್ಟೆ. ಈಗ ಓದಿದ್ರ ಅದರಾಗ ಅಜ್ಜಿ ದನೀನ ಕೇಳ್ಸಂಗಿಲ್ಲ.

ಬೆಣ್ಣೆನಗರಿ ಟೀಚರ್

ಎಲ್ಲರಿಗೂ ಧನ್ಯವಾದ. ಶಾಲೆಯಿಂದ ಬರುವಾಗ ಗೆರೆ ನೋಟುಬುಕ್ಕು ತಂದೆ. ಬಿಡಿ ಹಾಳೆಗೆ ಇನ್ನೂ ಧೈರ್ಯ ಬಂದಿಲ್ಲ. ನಿನ್ನೆಯ ಸಾಲು ಇದು: ‘ಮೋಡ, ಮಳೆ ಇಲ್ಲ. ಮೆಂತ್ಯ ಹುರಿಯೋ ವಾಸನೆಗೆ ಅಮ್ಮ ಎದ್ದು ಬಂದು, ಸಾಕು ಇಳಿಸು, ಕಹಿ ಆಗ್ತದೆ ಅಂದಳು.’